ನಲವತ್ತು ಕಿಲೋಮೀಟರಿಗೊಮ್ಮೆ ನಿಲ್ಲುತ್ತಿದ್ದ ಗಾಡಿ

“ನೋಡ್ರಿ ಅಜ್ಜಾರ, ಮತ್ತ ಬಂದ್ಲು! ಕಣ್ಣು ಮುಚ್ಚಿ ಹತ್ತು ಉಸಿರು ಎಣಿಸೂದ್ರಾಗ ಮೂರು ಸಲ ಬಾಗಿಲಾ ತಗದಾಳ. ಹಿಂಗಾದ್ರ ನಾ ಕೂಡೂದು ಯಾವಾಗ, ಈ ಮನಸ್ಸು ನಿಲ್ಲೂದು ಯಾವಾಗ?”

ದಾನೇಶ್ವರಿ ಹೀಗೆ ಕೇಳಿದ್ದು ಗುಡ್ಡದ ಮಠದ ಕಲ್ಲಯ್ಯಜ್ಜನವರನ್ನು. ಬಾಗಿಲಲ್ಲಿ ಅವಳ ನಾಲ್ಕು ವರ್ಷದ ಮಗಳು ನಿಂತಿದ್ದಳು. “ಅವ್ವಾ, ಅದೀಯಾ?” ಎಂದಳು. “ಅದೀನಿ, ನಡಿ ಆಡ್ಕೋ” ಎಂದಳು ತಾಯಿ. ಮಗು ಬಾಗಿಲು ಎಳೆದುಕೊಂಡು ಹೋಯಿತು.

“ಹಸಿವಲ್ಲ, ನೀರಲ್ಲ, ಬಿದ್ದೂ ಇಲ್ಲ. ಬರ್ತಾಳ, ನೋಡ್ತಾಳ, ಹೋಗ್ತಾಳ. ದಿನಾ ಇದ ಆತು. ಎತ್ತಿನ ಗಾಣಾ ನಡದೈತೇನು ಇಲ್ಲೆ, ಸುತ್ತಿ ಸುತ್ತಿ ಬರಾಕ?”

ಅವಳ ನಾಲಗೆ ಊರಿಗೇ ಗೊತ್ತಿತ್ತು. ಅವಳು ಗುಡ್ಡ ಹತ್ತಿ ಬಂದ ಕಾರಣ ಮಾತ್ರ ಅಜ್ಜನವರೊಬ್ಬರಿಗೇ ಗೊತ್ತಿತ್ತು. ಒಂದು ವರ್ಷದ ಹಿಂದೆ, ರೊಟ್ಟಿ ಮಾಡುವಾಗ, ಮಗಳು ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಸೆರಗು ಎಳೆದಾಗ, ಅವಳು ಕೈಗೆ ಸಿಕ್ಕ ಇಕ್ಕಳವನ್ನು ಬೀಸಿ ಎಸೆದಿದ್ದಳು. ಇಕ್ಕಳ ಮಗುವಿಗೆ ತಾಗಲಿಲ್ಲ, ಗೋಡೆಗೆ ತಾಗಿತು. ಮಗು ಅಳಲಿಲ್ಲ, ನೋಡುತ್ತ ನಿಂತಿತು. ಮರುದಿನ ದಾನೇಶ್ವರಿ ಮಠಕ್ಕೆ ಬಂದು, “ನನಗ ಸುಮ್ಮನ ಕೂಡೂದು ಕಲಸ್ರಿ” ಎಂದು ಕೇಳಿದಳು. ಅಂದಿನಿಂದ ದಿನವೂ ಬರುತ್ತಿದ್ದಳು. ಮಗಳೂ ಬರುತ್ತಿದ್ದಳು, ಬಿಟ್ಟು ಬರಲು ಹಗಲು ಹೊತ್ತು ಮನೆಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ.

ಈಗ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಮಠದ ಹಿಂದೆ ಬಂಡೆಗೆ ಒತ್ತಿ ಕಟ್ಟಿದ ಒಂದು ಒಳಕೋಣೆ ಇತ್ತು. ಕಿಟಕಿ ಇರಲಿಲ್ಲ, ಬಾಗಿಲಿಗೆ ಒಳಗಿನಿಂದ ಅಗಳಿ ಇತ್ತು. ಅದರಲ್ಲಿ ನಲವತ್ತೆಂಟು ದಿನ ಕೂರುವುದು. ಅಷ್ಟು ದಿನ ಮಗಳು ಬೇರೆ ಊರಿನಲ್ಲಿರುವ ಗಂಡನ ಅಕ್ಕನ ಮನೆಯಲ್ಲಿ ಇರುವುದು. ಅಕ್ಕ ಒಪ್ಪಿದ್ದಳು. ನಾಡಿದ್ದು ಬಂದು ಕರೆದುಕೊಂಡು ಹೋಗುವವಳಿದ್ದಳು. ಗಂಡನೂ ಹೂಂ ಎಂದಿದ್ದ. ಅಜ್ಜನವರು ಹೂಂ ಎನ್ನುವುದೊಂದು ಬಾಕಿ ಇತ್ತು.

“ಒಂದು ಸಲ ಬಾಗಿಲಾ ಹಾಕ್ಕೊಂಡು ಕೂತು ಬಿಟ್ಟೆ ಅಂದ್ರ ಮುಗೀತ್ರಿ. ಆಮ್ಯಾಲ ಎಂದೂ ಸಿಟ್ಟು ಬರೂದಿಲ್ಲ. ಕೊಡ್ರಿ ಕೋಣಿ” ಎಂದಳು ದಾನೇಶ್ವರಿ.

ಅಜ್ಜನವರು ಮಠಕ್ಕೆ ಬರುವ ಮೊದಲು ಇಪ್ಪತ್ತೆರಡು ವರ್ಷ ಹೆದ್ದಾರಿಯ ಪಕ್ಕದಲ್ಲಿ ಮೋಟರ್ ಸೈಕಲ್ ರಿಪೇರಿ ಮಾಡಿದವರು. ಶಾಸ್ತ್ರದ ಕತೆಗಳು ಅವರಿಗೆ ಹೆಚ್ಚು ಬರುತ್ತಿರಲಿಲ್ಲ. ಅವರಿಗೆ ಬರುತ್ತಿದ್ದುದು ಗಾಡಿಯ ಕತೆಗಳು. “ಕೂಡು” ಎಂದರು. ದಾನೇಶ್ವರಿ ಕುಳಿತಳು. ಅಜ್ಜನವರು ಕತೆ ಹೇಳಿದರು.

ಒಬ್ಬ ಪ್ರವಾಸಿ ಇದ್ದ. ಅವನ ಬಳಿ ದೂರದ ದಾರಿಗೆಂದೇ ಮಾಡಿದ ಒಂದು ದೊಡ್ಡ ಮೋಟರ್ ಸೈಕಲ್ ಇತ್ತು. ದಕ್ಷಿಣದ ಕಡಲ ತುದಿಯಿಂದ ಹೊರಟು ಉತ್ತರದ ಹಿಮದ ಕಣಿವೆಯನ್ನು ಮುಟ್ಟಬೇಕೆಂಬುದು ಅವನ ಹನ್ನೆರಡು ವರ್ಷದ ಆಸೆ. ಕಣಿವೆಯ ದಾರಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ಹಿಮ ಬಿದ್ದ ಮೇಲೆ ಮುಚ್ಚುತ್ತದೆ. ಹೊರಡಬೇಕೆಂದಾಗಲೆಲ್ಲ ಅವನಿಗೆ ಏನಾದರೊಂದು ಅಡ್ಡ ಬರುತ್ತಿತ್ತು. ಒಂದು ವರ್ಷ ಮನೆ ಕಟ್ಟುವುದು, ಒಂದು ವರ್ಷ ತಂಗಿಯ ಬಾಣಂತನ, ಒಂದು ವರ್ಷ ಅವನದೇ ಮುರಿದ ಕಾಲು. ಹಿಂದಿನ ವರ್ಷ ಹೊರಟೂ ಹೊರಟಿದ್ದ. ಮಳೆ ಹಿಡಿಯಿತು. ಪೆಟ್ರೋಲ್ ಟ್ಯಾಂಕಿನೊಳಗೆ ಮಳೆಯ ನೀರು ಇಳಿಯಿತು. ಗಾಡಿ ಒಂದು ಸೇತುವೆಯ ಕೆಳಗೆ ಮೂರು ದಿನ ನಿಂತಿತು. ಅವನು ಹಿಂದಿರುಗಿದ.

ಈ ವರ್ಷ ವೈದ್ಯರು ಅವನ ಬೆನ್ನನ್ನು ನೋಡಿದರು. ಮುಂದಿನ ವರ್ಷ ಗಾಡಿ ಹತ್ತುವ ಮಾತೇ ಬೇಡ ಎಂದರು. ಹೀಗಾಗಿ ಇದೇ ಕೊನೆ. ಕಣಿವೆ ಮುಚ್ಚಲು ಇಪ್ಪತ್ತು ದಿನ ಇತ್ತು. ಅವನು ಫೋನನ್ನು ಮನೆಯಲ್ಲಿಟ್ಟ. ಹೋಗುವ ದಾರಿಯನ್ನು ಯಾರಿಗೂ ಹೇಳಲಿಲ್ಲ. ಗಾಡಿಯಲ್ಲಿ ನೀರು ನುಗ್ಗಬಹುದಾದ ಒಂದೊಂದು ಸಂದನ್ನೂ ಬೆರಳಿನಿಂದ ಹುಡುಕಿ ಮುಚ್ಚಿದ. ಈ ಸಲ ಒಳಗೆ ಏನೂ ಬರಬಾರದು ಎಂದುಕೊಂಡ. ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿ ಹೊರಟ.

ಮೊದಲ ನಲವತ್ತು ಕಿಲೋಮೀಟರು ನಿದ್ದೆಯಲ್ಲಿ ನಡೆದ ಹಾಗೆ ನಡೆಯಿತು. ದಾರಿ ತಾನಾಗಿ ಬಂದು ಚಕ್ರದ ಕೆಳಗೆ ಮಲಗುತ್ತಿತ್ತು. ಅವನಿಗೆ ತನ್ನ ಮೈಯ ಭಾರ ಮರೆತುಹೋಯಿತು. ಆಗ ಗಾಡಿ ಒಂದು ಸಲ ತಡವರಿಸಿತು. ಇನ್ನೊಂದು ಸಲ ತಡವರಿಸಿತು. ಜೋಗುಳ ಕೇಳುತ್ತ ಮಗು ಸುಮ್ಮನಾಗುವ ಹಾಗೆ ಮೆಲ್ಲಗೆ ಸುಮ್ಮನಾಯಿತು.

ಅವನು ಇಳಿದ. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿದ. ಪೆಟ್ರೋಲು ತುಂಬಿತ್ತು. ಅದರ ಮೇಲೆ ಆಕಾಶದ ಒಂದು ಚೂರು ಅಲುಗಾಡುತ್ತಿತ್ತು. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಮುಚ್ಚಳ ಹಾಕಿದ. ಕಿಕ್ ಒದ್ದ. ಒಂದೇ ಒದೆತಕ್ಕೆ ಗಾಡಿ ಎದ್ದಿತು. ಎಂಜಿನ್ ಕಾದಿತ್ತು, ಈಗ ಆರಿತು ಎಂದುಕೊಂಡ. ಹೊರಟ. ನಲವತ್ತು ಕಿಲೋಮೀಟರಿಗೆ ಮತ್ತೆ ನಿಂತಿತು.

ಅವನು ಒಬ್ಬ ಮೆಕ್ಯಾನಿಕನ ಬಳಿ ಹೋದ. ಮೆಕ್ಯಾನಿಕ ಮೊದಲು ಮುಚ್ಚಳ ತೆಗೆದು ಪೆಟ್ರೋಲು ಇದೆಯೇ ಎಂದು ನೋಡಿದ. ಆಮೇಲೆ ಕಾರ್ಬೊರೇಟರ್ ಬಿಚ್ಚಿ ತೊಳೆದ. “ಕಸ ಇತ್ತು ನೋಡಿ ಸರ್” ಎಂದು ಬೆರಳ ತುದಿಯಲ್ಲಿ ತೋರಿಸಿದ. ಕಸ ಇದ್ದದ್ದು ನಿಜ. ಗಾಡಿ ಒಂದೇ ಒದೆತಕ್ಕೆ ಎದ್ದಿತು. ನಲವತ್ತು ಕಿಲೋಮೀಟರು ಓಡಿತು.

ಎರಡನೆಯ ಮೆಕ್ಯಾನಿಕನೂ ಮೊದಲು ಮುಚ್ಚಳ ತೆಗೆದು ನೋಡಿದ. ಪ್ಲಗ್ ಬದಲಿಸಿದ. ಅವನೂ ಹಳೆಯ ಪ್ಲಗ್ಗನ್ನು ಕೈಯಲ್ಲಿಟ್ಟು ತೋರಿಸಿದ. ಮೂರನೆಯವನೂ ಮೊದಲು ಮುಚ್ಚಳ ತೆಗೆದು ನೋಡಿದ. ಪೆಟ್ರೋಲ್ ಪೈಪು ಬದಲಿಸಿದ, ಫಿಲ್ಟರ್ ಬದಲಿಸಿದ. “ಇನ್ನು ನಿಂತರೆ ನನ್ನ ಹೆಸರು ಬದಲಿಸಿ” ಎಂದ. ಅವನ ಹೆಸರನ್ನು ಬದಲಿಸಲು ನಲವತ್ತು ಕಿಲೋಮೀಟರು ಹಿಂದಕ್ಕೆ ಹೋಗಬೇಕಾಗಿತ್ತು. ಪ್ರವಾಸಿ ಹೋಗಲಿಲ್ಲ.

ಟ್ಯಾಂಕು ತುಂಬಿಸಿದಷ್ಟೂ ಗಾಡಿ ಬೇಗ ನಿಲ್ಲುತ್ತಿತ್ತು. ಅರ್ಧ ಟ್ಯಾಂಕು ಇದ್ದಾಗ ಅರವತ್ತು ಕಿಲೋಮೀಟರು ಹೋಗುತ್ತಿತ್ತು. ಪ್ರವಾಸಿ ಇದನ್ನು ಗಮನಿಸಿದ. ಆದರೆ ಬಂಕಿನ ಪೆಟ್ರೋಲೇ ಸರಿಯಿಲ್ಲ ಎಂದುಕೊಂಡ. ಬಂಕು ಬದಲಿಸಿದ. ಬೇರೆ ಬಂಕಿನ ಪೆಟ್ರೋಲಿನಲ್ಲೂ ಆಕಾಶದ ಅದೇ ಚೂರು ಕಂಡಿತು.

ಹೀಗೆ ಆರು ದಿನ ಹೋಯಿತು. ಏಳನೆಯ ದಿನ ಅವನು ಒಂದು ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿದ. ಒಂದು ಕನಸು ಬಿತ್ತು. ಕನಸಿನಲ್ಲಿ ಗಾಡಿ ಎಲ್ಲಿಯೂ ನಿಲ್ಲದೆ ಓಡುತ್ತಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ದಾರಿಯಲ್ಲಿ ಊರುಗಳೇ ಇರಲಿಲ್ಲ. ಹಿಮದ ಬೆಟ್ಟ ಹತ್ತಿರ ಬರುತ್ತಿತ್ತು, ಬೆಳ್ಳಗೆ, ಸದ್ದಿಲ್ಲದೆ. ಅವನು ಕೈ ಚಾಚಿದ. ಕೈಗೆ ಟ್ಯಾಂಕಿನ ಮುಚ್ಚಳ ತಾಗಿತು. ಎಚ್ಚರವಾಯಿತು.

ಎಚ್ಚರವಾದಾಗ ಅವನಿಗೆ ಕಾರಣ ಹೊಳೆದಿತ್ತು. ಜೇಬಿನ ಪುಸ್ತಕದಲ್ಲಿ ಅವನು ದಿನವೂ ಬರೆದಿಡುತ್ತಿದ್ದ. ತೆಗೆದು ನೋಡಿದ. ಮುಚ್ಚಳ ತೆಗೆದೆ, ನಲವತ್ತು ಕಿಲೋಮೀಟರಿಗೆ ನಿಂತಿತು. ಮುಚ್ಚಳ ತೆಗೆದೆ, ನಲವತ್ತೆರಡಕ್ಕೆ ನಿಂತಿತು. ಮುಚ್ಚಳ ತೆಗೆದೆ, ಮೂವತ್ತೆಂಟಕ್ಕೆ ನಿಂತಿತು. ಪುಟ ತುಂಬ ಅದೇ ಇತ್ತು. ಈ ಹಾಳು ಮುಚ್ಚಳ ತೆಗೆಯುವುದರಿಂದಲೇ ಧೂಳು ಒಳಗೆ ಹೋಗುತ್ತಿದೆ, ಧೂಳಿನಿಂದ ಗಾಡಿ ನಿಲ್ಲುತ್ತಿದೆ ಎಂದು ಅವನು ತೀರ್ಮಾನಿಸಿದ. ತೆಗೆಯದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಅರ್ಧ ದೇಶ ದಾಟುತ್ತಿದ್ದೆ ಎಂದು ಹಲ್ಲು ಕಡಿದ.

“ಏಳು ದಿನ!” ಎಂದಳು ದಾನೇಶ್ವರಿ. “ಗಾಡಿ ಹೊಡಿಯೂ ಗಂಡಸಿಗೆ ಅಷ್ಟೂ ತಿಳೀಲಿಲ್ಲೇನ್ರಿ?”

“ನಿನಗ ತಿಳೀತೇನು?”

“ನನಗೆಲ್ಲಿ ತಿಳೀಬೇಕ್ರಿ, ನಾನೇನು ಗಾಡಿ ಹೊಡೀತೀನೇನು? ಮುಂದ ಹೇಳ್ರಿ.”

ಅಜ್ಜನವರು ಮುಂದೆ ಹೇಳಿದರು.

ಹೆದ್ದಾರಿಯ ಪಕ್ಕದಲ್ಲಿ ಒಬ್ಬ ಉಸ್ತಾದ ಇದ್ದ. ಗಾಡಿ ರಿಪೇರಿ ಕಲಿಸುವವನನ್ನು ಆ ದಂಧೆಯವರು ಉಸ್ತಾದ ಎನ್ನುತ್ತಾರೆ. ಪ್ರವಾಸಿ ಅವನ ತಗಡಿನ ಶೆಡ್ಡಿಗೆ ಬಂದ. “ಈ ಮುಚ್ಚಳ ಸುಲಭಕ್ಕೆ ತೆಗೆಯೋಕೆ ಬರದ ಹಾಗೆ ಮಾಡಿಕೊಡಿ. ಹೊಸ ರಬ್ಬರ್ ಹಾಕಿ, ಬಿಗಿ ಮಾಡಿ. ಕಣಿವೆ ಮುಟ್ಟೋವರೆಗೂ ಆದಷ್ಟು ಕಡಿಮೆ ತೆಗೀಬೇಕು” ಎಂದ.

ಉಸ್ತಾದ ಚಹಾ ಕುಡಿಯುತ್ತಿದ್ದ. “ಗಾಡಿಗೇನಾಗೈತಿ?” ಎಂದು ಕೇಳಿದ.

“ನಲವತ್ತು ಕಿಲೋಮೀಟರಿಗೆ ನಿಲ್ಲುತ್ತೆ.”

“ಈಗ ನಿಂತೈತೇನು?”

“ಈಗ ಓಡುತ್ತೆ.”

“ಓಡೂ ಗಾಡೀಗೆ ನಾ ಏನ್ ಮಾಡ್ಲಿ ಸಾಹೇಬ್ರ? ನಿಂತ ಮ್ಯಾಲ ನೋಡೂಣು.”

ಹೀಗೆಂದು ಅವನು ಚಹಾದ ಲೋಟ ಕೆಳಗಿಟ್ಟು, ಒಂದು ಇಕ್ಕಳವನ್ನು ಜೇಬಿಗೆ ಹಾಕಿಕೊಂಡು, ಪ್ರವಾಸಿಯ ಹಿಂದೆ ಹತ್ತಿ ಕುಳಿತ. ಪ್ರವಾಸಿಗೆ ಇದು ಸರಿ ಕಾಣಲಿಲ್ಲ. ಹಿಂದಿನ ಮೂವರೂ ತಮ್ಮ ತಮ್ಮ ಶೆಡ್ಡಿನಲ್ಲೇ ಗಾಡಿಯನ್ನು ನೋಡಿದ್ದರು. ಯಾರೂ ಹೀಗೆ ಮೈಮೇಲೆ ಬಂದು ಕುಳಿತಿರಲಿಲ್ಲ. ಆದರೂ ಹೊರಟ.

ಹತ್ತು ಕಿಲೋಮೀಟರಾಯಿತು. ಇಪ್ಪತ್ತಾಯಿತು. ಉಸ್ತಾದನ ತಲೆ ಪ್ರವಾಸಿಯ ಬೆನ್ನಿಗೆ ಒರಗಿತ್ತು. ನಿದ್ದೆ ಮಾಡುತ್ತಿದ್ದಾನೋ ಎಂಜಿನ್ನಿನ ಸದ್ದನ್ನು ಆಲಿಸುತ್ತಿದ್ದಾನೋ ತಿಳಿಯಲಿಲ್ಲ. ಎರಡೂ ಒಂದೇ ಇರಬಹುದು ಎಂದು ಪ್ರವಾಸಿಗೆ ಅನಿಸಿತು. ಬಿಸಿಲು ಇತ್ತು. ದಾರಿಯ ಎರಡೂ ಬದಿ ಜೋಳ ಇತ್ತು. ಗಾಳಿ ಬಂದಾಗ ಜೋಳ ಒಂದೇ ಕಡೆಗೆ ವಾಲುತ್ತಿತ್ತು. ಮೂವತ್ತೊಂಬತ್ತನೆಯ ಕಿಲೋಮೀಟರಿನಲ್ಲಿ ಗಾಡಿ ತಡವರಿಸಿತು. ಮತ್ತೆ ತಡವರಿಸಿತು. ನಿಂತಿತು.

ಪ್ರವಾಸಿ ಇಳಿದ. ಅವನ ಕೈ ಅವನನ್ನು ಕೇಳದೆಯೇ ಮುಚ್ಚಳದ ಕಡೆಗೆ ಹೋಯಿತು. ಉಸ್ತಾದ ಆ ಕೈಯನ್ನು ಹಿಡಿದ.

“ಮುಟ್ಟಬ್ಯಾಡ.”

ಉಸ್ತಾದ ಟ್ಯಾಂಕಿಗೆ ಕಿವಿ ಹಚ್ಚಿ ಗಾಡಿಯನ್ನು ಅಲುಗಾಡಿಸಿದ. ಪೆಟ್ರೋಲು ಒಳಗೆ ತುಂಬಿದ ಕೊಡದ ಹಾಗೆ ತುಳುಕಿತು. ಕಾರ್ಬೊರೇಟರಿಗೆ ಹೋಗುವ ಪೈಪನ್ನು ಇಕ್ಕಳದಿಂದ ಕಿತ್ತು ಕೈಯಲ್ಲಿ ಹಿಡಿದ. ಪೈಪಿನಿಂದ ಒಂದು ಹನಿ ಬಿತ್ತು. ಇನ್ನೊಂದು ಹನಿ ತುದಿಯಲ್ಲಿ ನಿಂತು, ಯೋಚಿಸಿ, ಬಿತ್ತು. ಮೂರನೆಯದು ಬರಲಿಲ್ಲ. ತುಂಬಿದ ಟ್ಯಾಂಕು ಮೇಲೆ, ಒಣಗಿದ ಪೈಪು ಕೆಳಗೆ. ಪ್ರವಾಸಿ ನೋಡುತ್ತ ನಿಂತ. ಏಳು ದಿನಗಳಲ್ಲಿ ಅವನು ಇದನ್ನು ನೋಡಿರಲಿಲ್ಲ. ನೋಡುವ ಮೊದಲೇ ಪ್ರತಿ ಸಲವೂ ಯಾರಾದರೂ ಮುಚ್ಚಳ ತೆಗೆದಿರುತ್ತಿದ್ದರು.

“ಈಗ ತಗಿ” ಎಂದ ಉಸ್ತಾದ.

ಪ್ರವಾಸಿ ಮುಚ್ಚಳವನ್ನು ತಿರುಗಿಸಿದ. ಸುಯ್ ಎಂದು ಒಂದು ಸದ್ದಾಯಿತು. ಬಹಳ ಹೊತ್ತು ಉಸಿರು ಕಟ್ಟಿ ನೀರಿನೊಳಗಿದ್ದವರು ಮೇಲೆ ಬಂದು ಎಳೆದುಕೊಳ್ಳುವ ಉಸಿರು ಅದು. ಅದೇ ಗಳಿಗೆಗೆ ಪೈಪಿನಿಂದ ಪೆಟ್ರೋಲು ಧಾರೆಯಾಗಿ ಸುರಿಯಿತು. ಉಸ್ತಾದನ ಅಂಗೈ ತುಂಬಿ ನೆಲಕ್ಕೆ ಹರಿಯಿತು.

ಉಸ್ತಾದ ಮುಚ್ಚಳವನ್ನು ತಿರುವಿ ಹಿಡಿದು ನೋಡಿದ. ಅದರ ಒಳಮೈಯಲ್ಲಿ ಸೂಜಿ ಹೋಗುವಷ್ಟು ಒಂದು ತೂತು ಇರಬೇಕು. ಇರಲಿಲ್ಲ. ಅಲ್ಲಿ ನೀಲಿ ಬಣ್ಣದ ಏನೋ ಗಟ್ಟಿಯಾಗಿ ಕುಳಿತಿತ್ತು.

“ಏನಿದು?”

“ಬಟ್ಟೆ ಸೋಪು” ಎಂದ ಪ್ರವಾಸಿ. ಟ್ಯಾಂಕು ಸೋರಿದರೆ ದಾರಿಯ ಮೇಲೆ ಎಲ್ಲರೂ ಸೋಪು ಮೆತ್ತುತ್ತಾರೆ. ಪೆಟ್ರೋಲಿಗೆ ಸೋಪು ಕರಗುವುದಿಲ್ಲ, ಸೋರುವುದು ನಿಲ್ಲುತ್ತದೆ. “ಹೋದ ವರ್ಷ ಮಳೆ ನೀರು ಒಳಗೆ ಹೋಗಿತ್ತು. ಈ ಸಲ ಹೋಗಬಾರದು ಅಂತ ನಾನೇ ಮೆತ್ತಿದೆ.”

ಉಸ್ತಾದ ಅಂಗಿಯ ಕಾಲರಿನಿಂದ ಒಂದು ಗುಂಡುಸೂಜಿ ತೆಗೆದ. ಸೋಪನ್ನು ಚುಚ್ಚಿ ಚುಚ್ಚಿ ಹೊರಗೆ ತೆಗೆದ. ತೂತಿಗೆ ತುಟಿ ಹಚ್ಚಿ ಊದಿದ. ಗಾಳಿ ಆಚೆಗೆ ಬಂತು.

“ಸಾಹೇಬ್ರ, ಪೆಟ್ರೋಲು ಒಂದು ಲೋಟ ಕೆಳಗ ಇಳೀಬೇಕಂದ್ರ ಒಂದು ಲೋಟ ಗಾಳಿ ಒಳಗ ಬರಬೇಕು. ನೀವು ಗಾಳಿ ಬರೂ ದಾರೀನ ಮುಚ್ಚೀರಿ. ಟ್ಯಾಂಕು ತುಂಬಿದಷ್ಟೂ ಒಳಗ ಗಾಳಿ ಕಮ್ಮಿ, ಅದಕ್ಕ ಲಗೂನ ನಿಂತಿತು. ನಿಂತಾಗೊಮ್ಮೆ ಮುಚ್ಚಳ ತಗದು ನೋಡಿದ್ರಿ, ಗಾಳಿ ಒಳಗ ಹೋತು, ಓಡಿತು. ಇಷ್ಟು ದೂರ ನಿಮ್ಮನ್ನ ತಂದದ್ದು ಆ ನೋಡೂ ಚಟ ಒಂದ.”

“ಅದನ್ನೇ ನಾನು ಬಂದ್ ಮಾಡೋಕೆ ಹೇಳಿದ್ದು” ಎಂದ ಪ್ರವಾಸಿ.

“ಮಾಡಿದ್ದರ ಇಲ್ಲೇ ಜ್ವಾಳದಾಗ ಮನಿ ಮಾಡ್ಕೊಂಡು ಇರಬೇಕಾಗ್ತಿತ್ತು” ಎಂದು ಉಸ್ತಾದ ನಕ್ಕ. “ನಡೀರಿ, ನನ್ನ ತಿರುಗಿ ಬಿಡ್ರಿ. ಶೆಡ್ಡಿನ ಬಾಗಿಲಾ ತಗದಿಟ್ಟು ಬಂದೀನಿ.”

ಅಜ್ಜನವರು ಇಲ್ಲಿಗೆ ನಿಲ್ಲಿಸಿದರು. ದಾನೇಶ್ವರಿ ಕಾದಳು. ಆ ಸುಯ್ ಎಂಬ ಸದ್ದು ಇನ್ನೂ ಅವಳ ಕಿವಿಯಲ್ಲಿತ್ತು. ಹೊರಗೆ ಮಗಳು ಒಬ್ಬಳೇ ಏನನ್ನೋ ಹಾಡಿಕೊಳ್ಳುತ್ತಿದ್ದಳು. ಹಾಡಿಗೆ ಮೊದಲೂ ಇರಲಿಲ್ಲ, ಕೊನೆಯೂ ಇರಲಿಲ್ಲ. ಅದು ಗಾಳಿಯ ಹಾಗೆ ಬಾಗಿಲ ಸಂದಿನಿಂದ ಬರುತ್ತಿತ್ತು.

“ಕಣಿವಿ ಮುಟ್ಟಿದನೇನ್ರಿ ಅವ?” ಎಂದು ದಾನೇಶ್ವರಿ ಕೇಳಿದಳು.

“ಮುಟ್ಟಿದ. ಇಪ್ಪತ್ತನೇ ದಿನ. ಅವ ದಾಟಿ ಬಂದ ಮರುದಿನ ದಾರಿ ಮುಚ್ಚಿತು. ದಾರ್‍ಯಾಗ ಎರಡು ಸಲ ಮಳಿ ಹತ್ತಿತಂತ. ಒಂದಿಷ್ಟು ನೀರೂ ಟ್ಯಾಂಕಿನ್ಯಾಗ ಹೋತಂತ. ತಗದು ಚೆಲ್ಲಿ ಮುಂದ ಹೋದ.”

ದಾನೇಶ್ವರಿಗೆ ಸೋಲುವುದು ಅಭ್ಯಾಸವಿರಲಿಲ್ಲ. “ಅಜ್ಜಾರ, ನೀವು ಸುತ್ತಿ ಬಳಸಿ ನನಗ ಕೋಣಿ ಇಲ್ಲ ಅಂತೀರಿ. ನೇರ ಹೇಳ್ರಿ. ನನ್ನ ಮಗಳು ಆ ತೂತೋ, ಆ ಸೋಪೋ? ತೂತು ಅಂದ್ರ ಅವಳನ್ನ ಇಟ್ಕೋತೀನಿ. ಸೋಪು ಅಂದ್ರ ನಾಡಿದ್ದು ಕಳಿಸ್ತೀನಿ. ನಲವತ್ತೆಂಟು ದಿನದ ಮಾತು, ನನ್ನ ಜೀವದ ಮಾತು. ನಿಮಗ ಕತಿ, ನನಗ ಸಂಸಾರ.”

“ನಾ ಹ್ಯಾಂಗ ಹೇಳ್ಲಿ ಯವ್ವಾ? ನಿನ್ನ ಗಾಡಿ ಮ್ಯಾಲ ನಾ ಕೂತಿಲ್ಲ” ಎಂದರು ಅಜ್ಜನವರು. “ಕೋಣಿ ನಿನ್ನದ. ಇವತ್ತ ತಗೋ. ತಗೋಳೂಕಿಂತ ಮೊದಲು ನನಗೊಂದು ಹೇಳು.”

“ಕೇಳ್ರಿ” ಎಂದಳು ದಾನೇಶ್ವರಿ. ಯಾವ ಮಾತಿಗೂ ಅವಳ ಬಳಿ ಉತ್ತರ ಸಿದ್ಧವಾಗಿರುತ್ತಿತ್ತು.

ಅಜ್ಜನವರು ಕೇಳಿದರು:

“ಆ ಕೂಸು ಬಾಗಿಲಾ ತಗದಾಗ ನಿನ್ನ ಗಾಡಿ ಓಡತಿತ್ತೋ, ಅದಕಿಂತ ಮೊದಲ ಗಾಳಿ ಇಲ್ದ ನಿಂತಿತ್ತೋ?”